ಹೆಚ್ಚು ವರಮಾನದ ಮೇಲಿನ ತೆರಿಗೆ: ದರ, ತಳಹದಿ ಮತ್ತು ಹಂಚಿಕೆ

ಪೀಠಿಕೆ

ಪ್ರತಿ ವರ್ಷ ಕೇಂದ್ರ ಆಯವ್ಯಯ ಮಂಡನೆಯಾದ ಮರುದಿನ ಸಾರ್ವಜನಿಕರಲ್ಲಿ ಎರಡು ಪ್ರಶ್ನೆಗಳು ಚರ್ಚೆಗೆ ಬರುತ್ತವೆ. ತಮ್ಮ ತೆರಿಗೆ ಎಷ್ಟು ಕಡಿಮೆಯಾಯಿತು ಎಂಬುದು ಮೊದಲನೆಯದು. ಕೋಟಿಗಟ್ಟಲೆ ವರಮಾನವುಳ್ಳವರಿಂದ ಇನ್ನಷ್ಟು ತೆರಿಗೆಯನ್ನು ಏಕೆ ಪಡೆಯಬಾರದು ಎಂಬುದು ಎರಡನೆಯದು. ದರವನ್ನು ಏರಿಸಿದರಾಯಿತು ಎಂಬುದು ಎರಡನೆಯ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ. ಈ ಉತ್ತರವನ್ನು ನಮ್ಮ ದೇಶದಲ್ಲಿ ಒಮ್ಮೆ ಪೂರ್ಣ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಲಾಗಿದೆ. ಅದರ ಫಲಿತಾಂಶವೂ ದಾಖಲೆಯಲ್ಲಿದೆ.

ತೆರಿಗೆಯ ದರ ಎಷ್ಟು ಎಂಬುದಕ್ಕಿಂತ ಯಾವ ಯಾವ ವರಮಾನ ಆ ದರಕ್ಕೆ ಒಳಪಡುತ್ತದೆ, ದರವು ಯಾವ ರೂಪದಲ್ಲಿ ಏರುತ್ತದೆ ಮತ್ತು ಬಂದ ಹಣ ಯಾರ ಬೊಕ್ಕಸಕ್ಕೆ ಸೇರುತ್ತದೆ ಎಂಬ ಮೂರು ಸಂಗತಿಗಳು ಹೆಚ್ಚು ಮುಖ್ಯವಾದವು ಎಂಬುದನ್ನು ಅಂಕಿಗಳ ಸಹಿತ ವಿವರಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಹೆಚ್ಚು ವರಮಾನದವರು ಎಂದರೆ ಯಾರು?

ಆದಾಯ ತೆರಿಗೆ ಅಧಿನಿಯಮದಲ್ಲಿ ಈ ಪದಕ್ಕೆ ಪರಿಭಾಷೆ ಇರುವುದಿಲ್ಲ. ಆದರೆ ಸರ್‌ಚಾರ್ಜ್ ಎಂದೇ ವಾಡಿಕೆಯಲ್ಲಿರುವ ಅಧಿಭಾರವು 50 ಲಕ್ಷ ರೂಪಾಯಿಗಳನ್ನು ಮೀರಿದ ವರಮಾನದಿಂದ ಆರಂಭವಾಗುವ ಕಾರಣ, ಆ ಮೊತ್ತವನ್ನೇ ವ್ಯಾವಹಾರಿಕವಾದ ಗಡಿ ಎಂದು ಭಾವಿಸಬಹುದು.

2025–26ನೇ ಆರ್ಥಿಕ ವರ್ಷಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷ ರೂ. ವರೆಗೆ ತೆರಿಗೆ ಇಲ್ಲ. ಅಲ್ಲಿಂದ ಮುಂದೆ ಪ್ರತಿ 4 ಲಕ್ಷಕ್ಕೆ ಒಂದರಂತೆ ಶೇ. 5, 10, 15, 20, 25ರ ಹಂತಗಳಿದ್ದು, 24 ಲಕ್ಷ ರೂ. ಮೀರಿದ ಭಾಗಕ್ಕೆ ಶೇ. 30 ದರ ಅನ್ವಯಿಸುತ್ತದೆ. ಇದು ಮೂಲ ತೆರಿಗೆ. ವರಮಾನ 50 ಲಕ್ಷ ಮೀರಿದರೆ ಮೂಲ ತೆರಿಗೆಯ ಮೇಲೆ ಶೇ. 10, ಒಂದು ಕೋಟಿ ಮೀರಿದರೆ ಶೇ. 15, ಎರಡು ಕೋಟಿ ಮೀರಿದರೆ ಶೇ. 25 ಸರ್‌ಚಾರ್ಜ್ ಸೇರುತ್ತದೆ. ಇವೆರಡರ ಮೊತ್ತದ ಮೇಲೆ ಶೇ. 4 ಆರೋಗ್ಯ ಮತ್ತು ಶಿಕ್ಷಣ ಸೆಸ್ ಇರುತ್ತದೆ. ಇವೆಲ್ಲವನ್ನೂ ಕೂಡಿದಾಗ ಅತಿ ಮೇಲಿನ ಹಂತದಲ್ಲಿ ದರ ಶೇ. 39 ಆಗುತ್ತದೆ. ಹಳೆಯ ಪದ್ಧತಿಯನ್ನೇ ಆಯ್ದುಕೊಂಡವರಲ್ಲಿ 5 ಕೋಟಿ ಮೀರಿದವರಿಗೆ ಸರ್‌ಚಾರ್ಜ್ ಶೇ. 37 ಇರುವುದರಿಂದ ಒಟ್ಟು ದರ ಶೇ. 42.744 ಆಗಿರುತ್ತದೆ.

ಒಂದು ಕೋಟಿ ರೂ. ಮೀರಿದವರ ಮೇಲೆ ಶೇ. 10 ಸರ್‌ಚಾರ್ಜನ್ನು 2013ರ ಆಯವ್ಯಯದಲ್ಲಿ ಪ್ರಸ್ತಾಪಿಸುವಾಗ, ಅಂದಿನ ಹಣಕಾಸು ಸಚಿವ ಶ್ರೀ ಪಿ. ಚಿದಂಬರಂ ಅವರು ಇಡೀ ದೇಶದಲ್ಲಿ ಅಷ್ಟು ವರಮಾನವನ್ನು ಘೋಷಿಸಿಕೊಂಡವರು 42,800 ಮಂದಿ ಮಾತ್ರ ಎಂದು ಲೋಕಸಭೆಗೆ ತಿಳಿಸಿದ್ದರು. ಅಂದಿನ ಬೆಂಗಳೂರು, ಮುಂಬಯಿ, ದೆಹಲಿಗಳ ಮನೆ ಬೆಲೆ ಮತ್ತು ವಾಹನ ಮಾರಾಟವನ್ನು ಬಲ್ಲ ಯಾರಿಗೇ ಆಗಲಿ ಈ ಸಂಖ್ಯೆ ನಂಬಲು ಕಷ್ಟ. ದರಕ್ಕಿಂತ ಮೊದಲು ತಳಹದಿಯ ಕಡೆ ಗಮನ ಹೋಗಬೇಕಾದುದು ಏಕೆ ಎಂಬುದಕ್ಕೆ ಇದೊಂದೇ ಅಂಕಿ ಸಾಕು.

ಶೇ. 97.75ರ ಕಾಲ

ಭಾರತದಲ್ಲಿ ಆದಾಯ ತೆರಿಗೆಯನ್ನು ಮೊದಲು ಜಾರಿಗೆ ತಂದವರು ಜೇಮ್ಸ್ ವಿಲ್ಸನ್, 1860ರಲ್ಲಿ. 1917ರಲ್ಲಿ ಹೆಚ್ಚು ವರಮಾನದವರ ಮೇಲೆ ಪ್ರತ್ಯೇಕ ಸೂಪರ್ ತೆರಿಗೆ ಬಂದಿತು. ಸ್ವಾತಂತ್ರ್ಯಾನಂತರ, 1956ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ ಅವರು ಸಲ್ಲಿಸಿದ ವರದಿ ಈ ವಿಷಯದಲ್ಲಿ ಒಂದು ತಿರುವು. ಅವರ ಸಲಹೆಯಲ್ಲಿ ಎರಡು ಭಾಗಗಳಿದ್ದವು. ಸಂಪತ್ತು, ವೆಚ್ಚ, ದಾನ ಮತ್ತು ಬಂಡವಾಳ ಲಾಭ ಇವುಗಳ ಮೇಲೂ ತೆರಿಗೆ ವಿಧಿಸಿ ತಳಹದಿಯನ್ನು ವಿಸ್ತರಿಸಬೇಕು ಎಂಬುದು ಒಂದು. ಅದಕ್ಕೆ ಪ್ರತಿಯಾಗಿ ವರಮಾನದ ಮೇಲಿನ ಅತ್ಯುಚ್ಚ ದರವನ್ನು ಶೇ. 45ಕ್ಕೆ ಇಳಿಸಬೇಕು ಎಂಬುದು ಇನ್ನೊಂದು. ಸರ್ಕಾರವು ಮೊದಲ ಭಾಗವನ್ನು ಸ್ವೀಕರಿಸಿತು, ಎರಡನೆಯದನ್ನು ಕೈಬಿಟ್ಟಿತು. ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡಬೇಕಾಗಿದ್ದ ಎರಡು ಚಕ್ರಗಳಲ್ಲಿ ಒಂದನ್ನು ಮಾತ್ರ ಗಾಡಿಗೆ ಜೋಡಿಸಿದಂತಾಯಿತು.

ದರಗಳು ಏರುತ್ತಲೇ ಹೋಗಿ, 1973–74ರ ವೇಳೆಗೆ 11 ಹಂತಗಳ ಪಟ್ಟಿಯಲ್ಲಿ ಅತ್ಯುಚ್ಚ ದರ ಶೇ. 85 ಆಗಿತ್ತು. ಅದರ ಮೇಲೆ ಶೇ. 15 ಸರ್‌ಚಾರ್ಜ್ ಸೇರಿ ಒಟ್ಟು ಶೇ. 97.75. ಎರಡು ಲಕ್ಷ ರೂಪಾಯಿಗಳನ್ನು ಮೀರಿ ಗಳಿಸಿದ ಪ್ರತಿ ನೂರು ರೂಪಾಯಿಯಲ್ಲಿ ಗಳಿಸಿದವರಿಗೆ ಉಳಿಯುತ್ತಿದ್ದುದು 2 ರೂಪಾಯಿ 25 ಪೈಸೆ. ಸಂಪತ್ತಿನ ತೆರಿಗೆಯೂ ಇದ್ದುದರಿಂದ, ಆಸ್ತಿವಂತರಲ್ಲಿ ಕೆಲವರ ಒಟ್ಟು ತೆರಿಗೆ ಅವರ ವರ್ಷದ ವರಮಾನವನ್ನೇ ಮೀರುವ ಸಾಧ್ಯತೆ ಇತ್ತು.

ಲೆಕ್ಕ ಬಲ್ಲವರಿಗೆ ಇದರ ಪರಿಣಾಮ ಕೂಡಲೇ ಹೊಳೆಯುತ್ತದೆ. ನೂರು ರೂಪಾಯಿಯನ್ನು ಪುಸ್ತಕದಲ್ಲಿ ತೋರಿಸಿದರೆ ಎರಡೂಕಾಲು ರೂಪಾಯಿ ಉಳಿಯುತ್ತದೆ. ತೋರಿಸದಿದ್ದರೆ ನೂರೂ ಉಳಿಯುತ್ತದೆ. ಅಂದರೆ ಮರೆಮಾಚುವವನಿಗೆ ದೊರೆಯುವ ಪ್ರತಿಫಲ ಪ್ರಾಮಾಣಿಕನ ಪ್ರತಿಫಲದ ನಲವತ್ತು ಪಟ್ಟಿಗೂ ಅಧಿಕ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಶ್ರೀ ಕೆ.ಎನ್. ವಾಂಚೂ ಅವರ ಅಧ್ಯಕ್ಷತೆಯ ನೇರ ತೆರಿಗೆಗಳ ವಿಚಾರಣಾ ಸಮಿತಿಯು 1971ರ ಡಿಸೆಂಬರ್‌ನಲ್ಲಿ ಸಲ್ಲಿಸಿದ ಅಂತಿಮ ವರದಿಯಲ್ಲಿ, ತೆರಿಗೆ ತಪ್ಪಿಸುವಿಕೆಗೆ ಅತ್ಯುಚ್ಚ ದರಗಳೇ ಮೊದಲ ಕಾರಣವೆಂದು ಗುರುತಿಸಿ, ಸರ್‌ಚಾರ್ಜ್ ಸೇರಿ ಶೇ. 75ಕ್ಕೆ ಮಿತಿಗೊಳಿಸುವಂತೆ ಶಿಫಾರಸು ಮಾಡಿತು. ತರುವಾಯ 1974–75ರಲ್ಲಿ ದರ ಶೇ. 77ಕ್ಕೆ, 1976–77ರಲ್ಲಿ ಶೇ. 66ಕ್ಕೆ, 1985–86ರಲ್ಲಿ ಶೇ. 50ಕ್ಕೆ ಇಳಿಯಿತು. 1992–93ರಲ್ಲಿ ಶೇ. 20, 30, 40ರ ಮೂರು ಹಂತಗಳು ಬಂದವು. 1997–98ರಲ್ಲಿ ಅವು ಶೇ. 10, 20, 30 ಆದವು. ಆ ಶೇ. 30 ಎಂಬ ಮೂಲ ದರ ಇಂದಿಗೂ ಬದಲಾಗಿಲ್ಲ. ಬದಲಾದದ್ದೆಲ್ಲ ಅದರ ಮೇಲೆ ಕುಳಿತಿರುವ ಸರ್‌ಚಾರ್ಜ್.

ಯಾವ ದರದಲ್ಲಿ ಹೆಚ್ಚು ಹಣ ಬರುತ್ತದೆ?

ದರ ಸೊನ್ನೆಯಾದರೆ ಸಂಗ್ರಹ ಸೊನ್ನೆ. ನೂರಾದರೂ ಬಹುತೇಕ ಸೊನ್ನೆ. ನಡುವೆ ಎಲ್ಲೋ ಅತ್ಯಧಿಕ ಸಂಗ್ರಹದ ಬಿಂದು ಇರುತ್ತದೆ. ಪೀಟರ್ ಡೈಮಂಡ್ ಮತ್ತು ಇಮ್ಯಾನುಯೆಲ್ ಸಾಯೆಜ್ ಅವರು 2011ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅಮೆರಿಕಕ್ಕೆ ಸಂಬಂಧಿಸಿದಂತೆ ಈ ಬಿಂದು ಶೇ. 73 ಎಂದು ಲೆಕ್ಕ ಹಾಕಿದ್ದಾರೆ. ಎಲ್ಲ ಬಗೆಯ ತೆರಿಗೆಗಳೂ ಅದರಲ್ಲಿ ಸೇರಿರುತ್ತವೆ. ಈ ಅಂಕಿಯನ್ನು ಉಲ್ಲೇಖಿಸುವವರು ಅನೇಕರಿದ್ದರೂ ಅದರ ಹಿಂದಿನ ಊಹೆಯನ್ನು ಹೇಳುವವರು ವಿರಳ. ಒಂದನ್ನು, ಒಂದಕ್ಕೆ ಎರಡು ಅಂಕಿಗಳ ಗುಣಲಬ್ಧವನ್ನು ಕೂಡಿ ಬಂದ ಮೊತ್ತದಿಂದ ಭಾಗಿಸುವುದೇ ಅವರ ಸೂತ್ರ. ಮೊದಲ ಅಂಕಿಯು ಸಿರಿವಂತರ ನಡುವೆ ವರಮಾನ ಹೇಗೆ ಹರಡಿದೆ ಎಂಬುದನ್ನು ಸೂಚಿಸುತ್ತದೆ, ಅದು 1.5. ಎರಡನೆಯದು ತೆರಿಗೆಗೆ ಪ್ರತಿಕ್ರಿಯೆಯಾಗಿ ಘೋಷಿತ ವರಮಾನ ಎಷ್ಟು ಕುಗ್ಗುತ್ತದೆ ಎಂಬುದನ್ನು ಸೂಚಿಸುತ್ತದೆ; ಅದನ್ನು 0.25 ಎಂದು ಹಿಡಿದರೆ ಶೇ. 73 ಬರುತ್ತದೆ. ಅದೇ ಅಂಕಿ 0.5 ಆದರೆ ಉತ್ತರ ಶೇ. 57. ಒಂದು ಆದರೆ ಶೇ. 40.

ಈ ಎರಡನೆಯ ಅಂಕಿ ಪ್ರಕೃತಿ ನಿಯಮವಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಕಾನೂನಿನಲ್ಲಿ ನುಸುಳುದಾರಿಗಳು ಹೆಚ್ಚಿದ್ದಷ್ಟೂ ಅದು ದೊಡ್ಡದಾಗುತ್ತದೆ; ಅವುಗಳನ್ನು ಮುಚ್ಚಿದಷ್ಟೂ ಚಿಕ್ಕದಾಗುತ್ತದೆ. ಆದ್ದರಿಂದ ತಳಹದಿಯನ್ನು ಸರಿಪಡಿಸದೆ ದರ ಏರಿಸುವ ಸರ್ಕಾರ ತೂತುಬಿದ್ದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ.

ಬ್ರಿಟನ್ನಿನ ಅನುಭವ ಇದಕ್ಕೆ ಉದಾಹರಣೆ. ಅಲ್ಲಿ 2010ರ ಏಪ್ರಿಲ್‌ನಿಂದ ಶೇ. 50 ದರ ಜಾರಿಗೆ ಬರುವುದೆಂದು ಮುಂಚಿತವಾಗಿಯೇ ಪ್ರಕಟವಾಗಿತ್ತು. ಸ್ವಂತ ಕಂಪನಿ ಇದ್ದವರು ಮುಂದಿನ ವರ್ಷಗಳಲ್ಲಿ ಪಡೆಯಬೇಕಾಗಿದ್ದ ಲಾಭಾಂಶವನ್ನು ಆ ದಿನಾಂಕಕ್ಕೆ ಮೊದಲೇ ಪಡೆದುಕೊಂಡರು. ಹೀಗೆ ಹಿಂದಕ್ಕೆ ಸರಿಸಲಾದ ವರಮಾನ 1,600 ಕೋಟಿಯಿಂದ 1,800 ಕೋಟಿ ಪೌಂಡುಗಳಷ್ಟು ಎಂದು ಅಲ್ಲಿನ ತೆರಿಗೆ ಇಲಾಖೆ 2012ರಲ್ಲಿ ಅಂದಾಜಿಸಿತು. 2013ರ ಏಪ್ರಿಲ್‌ನಲ್ಲಿ ದರವನ್ನು ಶೇ. 45ಕ್ಕೆ ಇಳಿಸಲಾಯಿತು. ಸಂಬಳದವರಿಗೆ ಇಂತಹ ಅವಕಾಶ ಇರಲಿಲ್ಲ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ವರಮಾನ ಒಂದೇ, ತೆರಿಗೆ ಬೇರೆ ಬೇರೆ

ಸಮಾನ ವರಮಾನದವರಿಗೆ ಸಮಾನ ತೆರಿಗೆ ಎಂಬುದು ತೆರಿಗೆ ಶಾಸ್ತ್ರದ ಮೊದಲ ಪಾಠ. ಪ್ರಸ್ತುತ ದರಗಳಲ್ಲಿ ಅದು ಹೇಗೆ ಪಾಲನೆಯಾಗುತ್ತಿದೆ ಎಂಬುದನ್ನು ಮೂವರು ಕಾಲ್ಪನಿಕ ವ್ಯಕ್ತಿಗಳ ಮೂಲಕ ನೋಡಬಹುದು. ಮೂವರ ವರಮಾನವೂ ವರ್ಷಕ್ಕೆ 80 ಲಕ್ಷ ರೂ.

ಮೊದಲನೆಯವರು ಬೆಂಗಳೂರಿನ ಕಂಪನಿಯೊಂದರ ನೌಕರರು. ಪ್ರಮಾಣಿತ ಕಡಿತ ಕಳೆದ ನಂತರ ಅವರ ತೆರಿಗೆಗೊಳಪಡುವ ಸಂಬಳ 80 ಲಕ್ಷ. ಮೂಲ ತೆರಿಗೆ 19,80,000 ರೂ., ಸರ್‌ಚಾರ್ಜ್ 1,98,000 ರೂ., ಸೆಸ್ 87,120 ರೂ.; ಒಟ್ಟು 22,65,120 ರೂ. ಇದು ಪ್ರತಿ ತಿಂಗಳೂ ಸಂಬಳದಲ್ಲಿಯೇ ಕಡಿತವಾಗಿ ಹೋಗಿರುತ್ತದೆ.

ಎರಡನೆಯವರಿಗೆ ಬೇರೆ ವರಮಾನವಿಲ್ಲ. ಒಂದು ವರ್ಷಕ್ಕೂ ಮೇಲ್ಪಟ್ಟು ಇಟ್ಟುಕೊಂಡಿದ್ದ ನೋಂದಾಯಿತ ಕಂಪನಿಗಳ ಷೇರುಗಳನ್ನು ಮಾರಿ 80 ಲಕ್ಷ ಲಾಭ ಗಳಿಸಿದ್ದಾರೆ. 2024ರ ಜುಲೈ 23ರಿಂದ ಇಂತಹ ದೀರ್ಘಾವಧಿ ಬಂಡವಾಳ ಲಾಭಕ್ಕೆ ದರ ಶೇ. 12.5. ಮೊದಲ 1.25 ಲಕ್ಷಕ್ಕೆ ವಿನಾಯಿತಿ ಇದೆ. ನಿವಾಸಿಯಾಗಿದ್ದಲ್ಲಿ 4 ಲಕ್ಷದ ಮೂಲ ಮಿತಿಯನ್ನೂ ಕಳೆಯಬಹುದು. ಉಳಿದ 74.75 ಲಕ್ಷಕ್ಕೆ ಸರ್‌ಚಾರ್ಜ್, ಸೆಸ್ ಸೇರಿ ಒಟ್ಟು ತೆರಿಗೆ 10,68,925 ರೂ. ನೌಕರರು ಕಟ್ಟಿದ್ದರ ಅರ್ಧಕ್ಕಿಂತಲೂ ಕಡಿಮೆ. ಅವರು ಷೇರುಗಳನ್ನು ಮಾರದೆಯೇ ಇದ್ದಿದ್ದರೆ, ಬೆಲೆ ಅಷ್ಟೇ ಏರಿದ್ದರೂ ತೆರಿಗೆ ಸೊನ್ನೆಯಾಗುತ್ತಿತ್ತು.

ಮೂರನೆಯವರ ವರಮಾನ ಪೂರ್ಣವಾಗಿ ಕೃಷಿಯಿಂದ ಬಂದುದು. ಅವರಿಗೆ ಆದಾಯ ತೆರಿಗೆ ಇಲ್ಲ.

ಎರಡನೆಯವರ ರಿಯಾಯಿತಿಗೆ ಸಮರ್ಥನೆಗಳಿಲ್ಲವೆಂದಲ್ಲ. ಲಾಭದಲ್ಲಿ ಹಣದುಬ್ಬರದ ಪಾಲು ಸೇರಿರುತ್ತದೆ, ನಷ್ಟದ ಅಪಾಯವಿರುತ್ತದೆ, ಕಂಪನಿಯು ತನ್ನ ಲಾಭಕ್ಕೆ ಮೊದಲೇ ತೆರಿಗೆ ಕಟ್ಟಿರುತ್ತದೆ. ಆದರೂ ದರಗಳ ಅಂತರ ಹೆಚ್ಚಾದಷ್ಟೂ ಒಂದು ಬಗೆಯ ವರಮಾನವನ್ನು ಇನ್ನೊಂದರ ವೇಷದಲ್ಲಿ ತೋರಿಸುವ ಪ್ರವೃತ್ತಿ ಬೆಳೆಯುತ್ತದೆ. ಸ್ವಂತ ಕಂಪನಿಯ ಮಾಲೀಕರೊಬ್ಬರ ನೂರು ರೂಪಾಯಿ ಲಾಭವನ್ನು ತೆಗೆದುಕೊಳ್ಳಿ. 2019ರಲ್ಲಿ ಬಂದ ಶೇ. 22ರ ದರದಲ್ಲಿ ಸರ್‌ಚಾರ್ಜ್, ಸೆಸ್ ಸೇರಿ ಕಂಪನಿ ಕಟ್ಟುವುದು 25.17 ರೂ.; ಉಳಿಯುವುದು 74.83 ರೂ. ಈ ಹಣವನ್ನು ಲಾಭಾಂಶವಾಗಿ ಪಡೆದರೆ ಅತಿ ಮೇಲಿನ ಹಂತದ ಮಾಲೀಕರಿಗೆ ಶೇ. 35.88 ದರದಲ್ಲಿ ಮತ್ತೆ 26.85 ರೂ. ತೆರಿಗೆ, ಒಟ್ಟು 52.02 ರೂ. ಪಡೆಯದೆ ಕಂಪನಿಯಲ್ಲಿಯೇ ಬಿಟ್ಟು, ಅದರಿಂದ ಬೆಲೆ ಏರಿದ ಷೇರನ್ನು ಕೆಲ ವರ್ಷಗಳ ನಂತರ ಮಾರಿದರೆ ಶೇ. 14.95 ದರದಲ್ಲಿ 11.19 ರೂ.; ಒಟ್ಟು 36.36 ರೂ. ಮಾರದೆಯೇ ಇದ್ದರೆ 25.17 ರೂ. ಮಾತ್ರ. ಒಂದೇ ನೂರು ರೂಪಾಯಿಗೆ ಮೂರು ತೆರಿಗೆಗಳು. ಯಾವುದನ್ನು ಕಟ್ಟಬೇಕೆಂಬ ಆಯ್ಕೆ ಕಟ್ಟುವವರದ್ದೇ.

2019ರ ಆಯವ್ಯಯದಲ್ಲಿ ಸರ್‌ಚಾರ್ಜನ್ನು ಶೇ. 25 ಮತ್ತು ಶೇ. 37ಕ್ಕೆ ಏರಿಸಿದಾಗಲೂ ಇದೇ ಅಂತರ ಹಿಗ್ಗಿತು. ಷೇರು ಮಾರುಕಟ್ಟೆ ಕುಸಿಯಿತು. ಅದೇ ಆಗಸ್ಟ್‌ನಲ್ಲಿ, ನೋಂದಾಯಿತ ಷೇರುಗಳ ಬಂಡವಾಳ ಲಾಭಕ್ಕೆ ಹೆಚ್ಚಿನ ಸರ್‌ಚಾರ್ಜ್ ಅನ್ವಯಿಸದು ಎಂದು ಸರ್ಕಾರ ಪ್ರಕಟಿಸಬೇಕಾಯಿತು. ಲಾಭಾಂಶಕ್ಕೆ 2020ರಲ್ಲಿ, ಇತರ ಎಲ್ಲ ದೀರ್ಘಾವಧಿ ಲಾಭಗಳಿಗೆ 2022ರಲ್ಲಿ ಸರ್‌ಚಾರ್ಜಿನ ಮಿತಿ ಶೇ. 15 ಎಂದು ನಿಗದಿಯಾಯಿತು. ಕೊನೆಗೆ ಪೂರ್ಣ ಸರ್‌ಚಾರ್ಜ್ ಉಳಿದುಕೊಂಡದ್ದು ಮುಖ್ಯವಾಗಿ ಸಂಬಳ, ವೃತ್ತಿ, ವ್ಯಾಪಾರ ಮತ್ತು ಬಡ್ಡಿ ವರಮಾನಗಳ ಮೇಲೆ.

ಅಮೆರಿಕದಲ್ಲಿ 1986ರ ಸುಧಾರಣೆ ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ ವಿನಾಯಿತಿಗಳನ್ನು ಕಡಿದು, ಅತ್ಯುಚ್ಚ ದರವನ್ನು ಶೇ. 50ರಿಂದ 28ಕ್ಕೆ ಇಳಿಸಿ, ಬಂಡವಾಳ ಲಾಭದ ದರವನ್ನು ಶೇ. 20ರಿಂದ ಅದೇ 28ಕ್ಕೆ ಏರಿಸಲಾಯಿತು. ವೇಷ ಬದಲಿಸುವುದರಿಂದ ಪ್ರಯೋಜನವಿಲ್ಲದಂತಾಯಿತು. ಕೆಲವೇ ವರ್ಷಗಳಲ್ಲಿ ಅಂತರ ಮತ್ತೆ ತಲೆಯೆತ್ತಿತು ಎಂಬುದು ಬೇರೆ ಮಾತು.

ನಮ್ಮಲ್ಲಿಯೂ ದರ ಮುಟ್ಟದೆ ತಳಹದಿಯನ್ನು ಸರಿಪಡಿಸಿದ ನಿದರ್ಶನಗಳಿವೆ. ಅವು ಪತ್ರಿಕೆಗಳ ಮುಖಪುಟಕ್ಕೆ ಬರಲಿಲ್ಲ ಅಷ್ಟೆ. 1961ರ ಅಧಿನಿಯಮದ 54ಎಫ್ ಪ್ರಕರಣದ ಮೇರೆಗೆ, ಷರತ್ತುಗಳಿಗೆ ಒಳಪಟ್ಟು, ಷೇರು ಮುಂತಾದುವನ್ನು ಮಾರಿದ ಹಣದಲ್ಲಿ ವಾಸದ ಮನೆ ಕೊಂಡರೆ ಬಂಡವಾಳ ಲಾಭಕ್ಕೆ ತೆರಿಗೆ ಇರಲಿಲ್ಲ. ಮನೆಯ ಬೆಲೆಗೆ ಮಿತಿಯೂ ಇರಲಿಲ್ಲ. ನೂರು ಕೋಟಿಯ ಬಂಗಲೆಯೂ ಈ ವಿನಾಯಿತಿಗೆ ಅರ್ಹ. 2023ರ ಹಣಕಾಸು ಅಧಿನಿಯಮವು ಇದಕ್ಕೆ 10 ಕೋಟಿ ರೂ. ಮಿತಿ ಹಾಕಿತು. ಅದೇ ವರ್ಷದ ಏಪ್ರಿಲ್ 1ರಿಂದ ಪಡೆದ, ವಾರ್ಷಿಕ ಕಂತು 5 ಲಕ್ಷ ರೂ. ಮೀರಿದ ಜೀವ ವಿಮಾ ಪಾಲಿಸಿಗಳ ಪಕ್ವತೆಯ ಮೊತ್ತವೂ ತೆರಿಗೆಗೆ ಒಳಪಟ್ಟಿತು. ಅದಕ್ಕೂ ಮೊದಲು, 2021ರ ಏಪ್ರಿಲ್‌ನಿಂದ, ಭವಿಷ್ಯ ನಿಧಿಗೆ ನೌಕರರು ವರ್ಷಕ್ಕೆ ಎರಡೂವರೆ ಲಕ್ಷಕ್ಕಿಂತ ಹೆಚ್ಚು ತುಂಬಿದ ಭಾಗದ ಬಡ್ಡಿ ತೆರಿಗೆಗೆ ಸೇರಿತ್ತು. ಸಾಮಾನ್ಯ ನೌಕರರ ಉಳಿತಾಯಕ್ಕೆಂದು ಇಟ್ಟಿದ್ದ ಸೌಲಭ್ಯಗಳಲ್ಲಿ ಕೋಟ್ಯಧಿಪತಿಗಳ ಹಣ ಬಂದು ಕೂರುವುದನ್ನು ಇವು ತಡೆಯುತ್ತವೆ.

ಹಿಂದೂ ಅವಿಭಕ್ತ ಕುಟುಂಬವನ್ನು ಪ್ರತ್ಯೇಕ ತೆರಿಗೆದಾರನೆಂದು ಪರಿಗಣಿಸುವ ಪದ್ಧತಿ ಮಾತ್ರ ಹಾಗೆಯೇ ಉಳಿದಿದೆ. ಬಿ.ಕಾಂ. ತರಗತಿಯಲ್ಲಿ ಈ ಅಧ್ಯಾಯವನ್ನು ಓದಿದವರೆಲ್ಲ ಅದನ್ನು ತೆರಿಗೆ ಯೋಜನೆಯ ಉಪಾಯವೆಂದೇ ಓದಿರುತ್ತಾರೆ.

ಸರ್‌ಚಾರ್ಜಿನ ಮೆಟ್ಟಿಲುಗಳು

ಹಂತವಾರು ದರಕ್ಕೂ ಸರ್‌ಚಾರ್ಜಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಹಂತವಾರು ದರ ಗಡಿಯನ್ನು ಮೀರಿದ ಭಾಗಕ್ಕೆ ಮಾತ್ರ ತಗಲುತ್ತದೆ. ಸರ್‌ಚಾರ್ಜ್ ಗಡಿ ದಾಟಿದೊಡನೆ ಪೂರ್ಣ ತೆರಿಗೆಯ ಮೇಲೆ ಬೀಳುತ್ತದೆ. ಮೊದಲನೆಯದು ಇಳಿಜಾರು; ಎರಡನೆಯದು ಮೆಟ್ಟಿಲು.

ತೆರಿಗೆಗೊಳಪಡುವ ಸಂಬಳ ಸರಿಯಾಗಿ 50 ಲಕ್ಷ ಇದ್ದವರ ಮೂಲ ತೆರಿಗೆ 10,80,000 ರೂ. ವರಮಾನ ಒಂದು ಸಾವಿರ ರೂ. ಹೆಚ್ಚಾದರೆ ಮೂಲ ತೆರಿಗೆ 10,80,300 ರೂ.; ಶೇ. 10 ಸರ್‌ಚಾರ್ಜ್ ಸೇರಿ 11,88,330 ರೂ. ಸಾವಿರ ರೂಪಾಯಿ ಗಳಿಸಿದ್ದಕ್ಕೆ 1,08,330 ರೂ. ಹೆಚ್ಚು ತೆರಿಗೆ! ಇದನ್ನು ತಪ್ಪಿಸಲು ಕಾನೂನಿನಲ್ಲಿ ಮಾರ್ಜಿನಲ್ ರಿಲೀಫ್ ಎಂಬ ಅಂಚಿನ ಪರಿಹಾರವಿದೆ. ಇದರ ಮೇರೆಗೆ ತೆರಿಗೆಯ ಹೆಚ್ಚಳ ವರಮಾನದ ಹೆಚ್ಚಳವನ್ನು ಮೀರತಕ್ಕದ್ದಲ್ಲ. ಹಾಗಾಗಿ ತೆರಿಗೆ ಮತ್ತು ಸರ್‌ಚಾರ್ಜ್ 10,81,000 ರೂ.ಗಳಿಗೆ ನಿಲ್ಲುತ್ತದೆ. ಸೆಸ್ ಲೆಕ್ಕ ಇದರ ನಂತರ ಬರುವುದರಿಂದ, ಸಾವಿರ ರೂಪಾಯಿಗೆ 1,040 ರೂ. ಕಟ್ಟಬೇಕಾದ ವಿಚಿತ್ರವೊಂದು ಉಳಿದೇ ಇರುತ್ತದೆ.

ಪರಿಹಾರದಿಂದ ಮೆಟ್ಟಿಲು ಮಾಯವಾಗುವುದಿಲ್ಲ, ಅಗಲವಾಗುತ್ತದೆ. 50 ಲಕ್ಷದಿಂದ ಸುಮಾರು 51,61,000 ರೂ. ವರೆಗಿನ ಪಟ್ಟಿಯಲ್ಲಿ ಹೆಚ್ಚಿಗೆ ಗಳಿಸಿದ ಪ್ರತಿ ರೂಪಾಯಿಯೂ ಪೂರ್ತಿಯಾಗಿ ತೆರಿಗೆಗೇ ಹೋಗುತ್ತದೆ. ಒಂದು ಕೋಟಿಯ ಗಡಿಯಲ್ಲಿ ಈ ಪಟ್ಟಿ ಸುಮಾರು 1,97,000 ರೂ. ಅಗಲವಿದೆ. ಎರಡು ಕೋಟಿಯ ಗಡಿಯಲ್ಲಿ 8,92,800 ರೂ. ಶೇ. 97.75ರ ದರವನ್ನು ಇತಿಹಾಸವೆಂದು ಓದುವ ನಾವು, ಈ ಕಿರಿದಾದ ಪಟ್ಟಿಗಳಲ್ಲಿ ಅದಕ್ಕಿಂತಲೂ ಹೆಚ್ಚಿನ ದರವನ್ನು ಇಂದಿಗೂ ಇಟ್ಟುಕೊಂಡಿದ್ದೇವೆ. ಇಂತಹ ವರಮಾನದವರು ಬೋನಸ್ಸನ್ನು ಮುಂದಿನ ವರ್ಷಕ್ಕೆ ಹಾಕಿಸಿಕೊಳ್ಳುವುದು ಸಹಜ.

ರಾಜ್ಯಗಳ ಪಾಲು

ಸಾರ್ವಜನಿಕ ಚರ್ಚೆಯಲ್ಲಿ ಅಷ್ಟಾಗಿ ಪ್ರಸ್ತಾಪವಾಗದ ಅಂಶವೊಂದು ಇಲ್ಲಿದೆ. ಸಂವಿಧಾನದ 270ನೇ ಅನುಚ್ಛೇದದಂತೆ ಕೇಂದ್ರದ ತೆರಿಗೆಗಳನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳತಕ್ಕದ್ದು. ಆದರೆ 271ನೇ ಅನುಚ್ಛೇದದ ಮೇರೆಗೆ ವಿಧಿಸುವ ಸರ್‌ಚಾರ್ಜ್ ಹಾಗೂ ನಿರ್ದಿಷ್ಟ ಉದ್ದೇಶದ ಸೆಸ್ ಈ ಹಂಚಿಕೆಗೆ ಒಳಪಡುವುದಿಲ್ಲ. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ರಾಜ್ಯಗಳ ಒಟ್ಟು ಪಾಲನ್ನು ಶೇ. 41 ಎಂದು ನಿಗದಿಪಡಿಸಿತು. ಅದರಲ್ಲಿ ಕರ್ನಾಟಕದ ಪಾಲು ಶೇ. 3.647, ಹಿಂದಿನ ಆಯೋಗದ ಅವಧಿಯಲ್ಲಿ ಅದು ಶೇ. 4.713 ಇತ್ತು.

ಅತಿ ಮೇಲಿನ ಹಂತದ ತೆರಿಗೆದಾರರಿಂದ ನೂರು ರೂ. ಮೂಲ ತೆರಿಗೆ ಬಂದಾಗ ಅದರೊಂದಿಗೆ 25 ರೂ. ಸರ್‌ಚಾರ್ಜ್, 5 ರೂ. ಸೆಸ್ ಬರುತ್ತದೆ. ಒಟ್ಟು 130 ರೂ.ಗಳಲ್ಲಿ, ವಸೂಲಿ ವೆಚ್ಚವನ್ನು ಗಣಿಸದೆ ಹೇಳುವುದಾದರೆ, ರಾಜ್ಯಗಳಿಗೆ ದೊರೆಯುವುದು 41 ರೂ. ಅಂದರೆ ಶೇ. 31.5. ಸಿರಿವಂತರ ಮೇಲಿನ ಹೊರೆ ಸರ್‌ಚಾರ್ಜ್ ರೂಪದಲ್ಲಿ ಏರಿದಷ್ಟೂ ಸಂಗ್ರಹದಲ್ಲಿ ರಾಜ್ಯಗಳ ಪ್ರಮಾಣ ಇಳಿಯುತ್ತದೆ. ಶಾಲೆ, ಆಸ್ಪತ್ರೆ, ನೀರಾವರಿ, ಪೊಲೀಸು ಇವುಗಳ ಹೆಚ್ಚಿನ ಖರ್ಚು ರಾಜ್ಯಗಳದ್ದೇ ಆಗಿರುವಾಗ ಇದು ಸಣ್ಣ ಸಂಗತಿಯಲ್ಲ. ಕರ್ನಾಟಕವು ನೇರ ತೆರಿಗೆ ಸಂಗ್ರಹದಲ್ಲಿ ದೇಶದ ಮುಂಚೂಣಿಯ ರಾಜ್ಯಗಳಲ್ಲಿ ಒಂದಾಗಿರುವುದರಿಂದ ಇಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ.

ಸರ್‌ಚಾರ್ಜಿನ ಬದಲು 50 ಲಕ್ಷ ಮೀರಿದ ಭಾಗಕ್ಕೆ ಶೇ. 35ರ ಹೊಸ ಹಂತವೊಂದನ್ನು ಸೇರಿಸಿದ್ದರೆ ಹೇಗಿರುತ್ತಿತ್ತು? ಒಂದು ಕೋಟಿ ವರಮಾನದವರು ಈಗ ಕಟ್ಟುವ ಸರ್‌ಚಾರ್ಜ್ 2,58,000 ರೂ. ಹೊಸ ಹಂತದಿಂದ ಬರುವ ಹೆಚ್ಚುವರಿ ತೆರಿಗೆ 2,50,000 ರೂ. ತೆರಿಗೆದಾರರಿಗೆ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ಮೆಟ್ಟಿಲು ಇರುವುದಿಲ್ಲ, ಅಂಚಿನ ಪರಿಹಾರದ ಲೆಕ್ಕ ಬೇಕಾಗುವುದಿಲ್ಲ, ಮತ್ತು ಎರಡೂವರೆ ಲಕ್ಷದಲ್ಲಿ 1,02,500 ರೂ. ರಾಜ್ಯಗಳ ಪಾಲಿಗೆ ಸೇರುತ್ತದೆ. ಸರ್‌ಚಾರ್ಜಿನಿಂದ ಸೇರುವುದು ಸೊನ್ನೆ. ಎರಡು ಕೋಟಿಯವರಿಗೆ ಈಗಿನ ಸರ್‌ಚಾರ್ಜ್ 8,37,000 ರೂ., ಹೊಸ ಹಂತದಲ್ಲಿ 7,50,000 ರೂ.; ಅಲ್ಲಿಂದ ಮೇಲಕ್ಕೆ ಇನ್ನೊಂದು ಹಂತ ಬೇಕಾಗಬಹುದು. ತಾತ್ಕಾಲಿಕ ಅಗತ್ಯಕ್ಕೆಂದು ಇರುವ ಸಾಧನವನ್ನು ಕಾಯಂ ಏರ್ಪಾಡಾಗಿ ಬಳಸುವುದಕ್ಕಿಂತ ಇದು ಮೇಲು ಎಂದು ಈ ಲೇಖನ ಸಿದ್ಧಪಡಿಸಿದವರ ಅಭಿಪ್ರಾಯ.

ರಾಜ್ಯದ ಕೈಯಲ್ಲಿರುವ ತೆರಿಗೆಗಳು

ರಾಜ್ಯಗಳು ತಾವೇ ಹೆಚ್ಚು ವರಮಾನದವರಿಂದ ತೆರಿಗೆ ಪಡೆಯಬಾರದೇ ಎಂದು ಕೇಳುವವರಿದ್ದಾರೆ. ವೃತ್ತಿ ತೆರಿಗೆ ಇರುವುದು ನಿಜ. ಆದರೆ ಸಂವಿಧಾನದ 276ನೇ ಅನುಚ್ಛೇದವು ಅದಕ್ಕೆ ವರ್ಷಕ್ಕೆ 2,500 ರೂ. ಮಿತಿ ಹಾಕಿದೆ. 1988ರ ತಿದ್ದುಪಡಿಗೆ ಮೊದಲು ಈ ಮಿತಿ 250 ರೂ. ಇತ್ತು. ಕರ್ನಾಟಕದಲ್ಲಿ 1976ರ ಅಧಿನಿಯಮದ ಮೇರೆಗೆ, 2025ರ ತಿದ್ದುಪಡಿಯ ತರುವಾಯ, ಮಾಸಿಕ ಸಂಬಳ 25,000 ರೂ. ಅಥವಾ ಮೇಲ್ಪಟ್ಟವರಿಂದ ತಿಂಗಳಿಗೆ 200 ರೂ.ಗಳಂತೆ, ಫೆಬ್ರವರಿಯಲ್ಲಿ 300 ರೂ., ಕಡಿತ ಮಾಡಲಾಗುತ್ತದೆ. ತಿಂಗಳಿಗೆ 25,000 ರೂ. ಪಡೆಯುವವರಿಗೂ 25 ಲಕ್ಷ ಪಡೆಯುವವರಿಗೂ ವರ್ಷದ ತೆರಿಗೆ ಒಂದೇ. ಮೊದಲನೆಯವರ ವರಮಾನದಲ್ಲಿ ಇದು ಶೇ. 0.83, ಎರಡನೆಯವರದರಲ್ಲಿ ಶೇ. 0.008. ಮೂವತ್ತೈದು ವರ್ಷಗಳಿಗೂ ಮೀರಿ ಕದಲದ ಮಿತಿಯೊಂದು ತೆರಿಗೆಯನ್ನು ತಲೆಗಂದಾಯವನ್ನಾಗಿ ಮಾಡಿರುವುದಕ್ಕೆ ಇದು ನಿದರ್ಶನ.

ಕೃಷಿ ವರಮಾನದ ಮೇಲಿನ ತೆರಿಗೆಯೂ ಏಳನೆಯ ಅನುಸೂಚಿಯಂತೆ ರಾಜ್ಯಪಟ್ಟಿಯಲ್ಲಿದೆ. 1972ರಲ್ಲಿ ಶ್ರೀ ಕೆ.ಎನ್. ರಾಜ್ ಸಮಿತಿಯು ಕೃಷಿ ಹಿಡುವಳಿಗಳ ತೆರಿಗೆಯೊಂದನ್ನು ಸೂಚಿಸಿತು. ರಾಜ್ಯಗಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಕೃಷಿಯೇತರ ವರಮಾನವೂ ಇರುವವರ ವಿಷಯದಲ್ಲಿ, ಕೃಷಿ ವರಮಾನವನ್ನು ದರ ನಿರ್ಧರಿಸಲು ಮಾತ್ರ ಸೇರಿಸಿಕೊಳ್ಳುವ ಪದ್ಧತಿ 1973ರಿಂದ ಬಂದಿದೆ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರಿಗೆ ಪರಿಚಿತವಾದ 1962ರ ನಿಯಮಾವಳಿಯ 7ಬಿ ನಿಯಮ ಇನ್ನೊಂದು ಬಗೆಯದು. ಬೆಳೆಗಾರರೇ ಬೆಳೆದು ಸಂಸ್ಕರಿಸಿ ಮಾರಿದ ಕಾಫಿಯ ವರಮಾನದಲ್ಲಿ ಶೇ. 25, ಹುರಿದು ಪುಡಿಮಾಡಿ ಮಾರಿದರೆ ಶೇ. 40 ವ್ಯಾಪಾರದ ವರಮಾನವೆಂದು ಅದು ಗಣಿಸುತ್ತದೆ. ಬಹುಪಾಲು ಸಣ್ಣ ಹಿಡುವಳಿದಾರರ ವರಮಾನ ಯಾವ ತೆರಿಗೆ ಮಿತಿಯನ್ನೂ ಮುಟ್ಟುವಂತಹುದಲ್ಲ. ಪ್ರಶ್ನೆ ಇರುವುದು ಇತರ ಮೂಲದ ಹಣವನ್ನು ತೋಟದ ವರಮಾನವೆಂದು ತೋರಿಸುವ ಕೆಲವರ ಬಗ್ಗೆ.

ಸಂಪತ್ತಿನ ತೆರಿಗೆಯ ಅನುಭವ

ದೊಡ್ಡ ಸಿರಿವಂತರ ಬಲ ಇರುವುದು ವಾರ್ಷಿಕ ವರಮಾನದಲ್ಲಿ ಅಲ್ಲ, ಆಸ್ತಿಯಲ್ಲಿ. 1953ರ ಎಸ್ಟೇಟ್ ಸುಂಕ, 1957ರ ಸಂಪತ್ತಿನ ತೆರಿಗೆ, 1958ರ ದಾನ ತೆರಿಗೆ ಈ ಆಸ್ತಿಯನ್ನು ತಲುಪಲು ಬಂದವು. ಮೂರೂ ಈಗ ಇಲ್ಲ. ಎಸ್ಟೇಟ್ ಸುಂಕವನ್ನು 1985ರಲ್ಲಿ ರದ್ದುಪಡಿಸುವಾಗ ಹಣಕಾಸು ಸಚಿವ ಶ್ರೀ ವಿ.ಪಿ. ಸಿಂಗ್ ಅವರು ಅದರಿಂದ ಬರುವುದು ಸುಮಾರು 20 ಕೋಟಿ ರೂ. ಮಾತ್ರ, ಆಡಳಿತ ವೆಚ್ಚವೇ ಹೆಚ್ಚು ಎಂದರು. ದಾನ ತೆರಿಗೆ 1998ರಲ್ಲಿ ಹೋಯಿತು. ಸಂಪತ್ತಿನ ತೆರಿಗೆಯಿಂದ 2013–14ರಲ್ಲಿ ಬಂದದ್ದು 1,008 ಕೋಟಿ ರೂ. 2015ರಲ್ಲಿ ಶ್ರೀ ಅರುಣ್ ಜೇಟ್ಲಿ ಅವರು ಅದನ್ನು ಕೈಬಿಟ್ಟು, ಕೋಟಿ ಮೀರಿದವರಿಗೆ ಶೇ. 2 ಹೆಚ್ಚುವರಿ ಸರ್‌ಚಾರ್ಜ್ ವಿಧಿಸಿದರು. ಅದರಿಂದ 9,000 ಕೋಟಿ ರೂ. ನಿರೀಕ್ಷಿಸಲಾಗಿತ್ತು.

ಸಂಪತ್ತಿನ ತೆರಿಗೆ ಸೋತದ್ದು ಸಂಪತ್ತು ಇಲ್ಲದ್ದರಿಂದಲ್ಲ. ಆಭರಣ, ಕಾರು, ಖಾಲಿ ನಿವೇಶನ ಮುಂತಾದವು ಅದರ ವ್ಯಾಪ್ತಿಯಲ್ಲಿದ್ದವು. ದೊಡ್ಡ ಸಿರಿವಂತರ ಆಸ್ತಿಯ ಮುಖ್ಯ ಭಾಗವಾದ ಷೇರುಗಳು 1993ರಿಂದ ಅದರ ಹೊರಗಿದ್ದವು. ಬಲೆಯ ಕಣ್ಣು ಮೀನಿಗಿಂತ ದೊಡ್ಡದಾಗಿತ್ತು. ಬ್ರೆಜಿಲ್ ಅಧ್ಯಕ್ಷತೆಯ ಜಿ–20 ಗುಂಪಿಗೆ 2024ರಲ್ಲಿ ಗೇಬ್ರಿಯಲ್ ಜುಕ್ಮನ್ ಅವರು ಸಲ್ಲಿಸಿದ ವರದಿ, ನೂರು ಕೋಟಿ ಡಾಲರ್ ಮೀರಿದ ಸಂಪತ್ತಿನ ಸುಮಾರು 3,000 ಮಂದಿ ತಮ್ಮ ಸಂಪತ್ತಿನ ಕನಿಷ್ಠ ಶೇ. 2ರಷ್ಟು ತೆರಿಗೆ ಕಟ್ಟುವಂತಾಗಬೇಕೆಂದು ಸೂಚಿಸಿತು. ದೇಶಗಳ ನಡುವೆ ಒಪ್ಪಂದವಿಲ್ಲದೆ ಇದು ಸುಲಭವಲ್ಲ. ಸ್ವೀಡನ್ 2007ರಲ್ಲಿ ಸಂಪತ್ತಿನ ತೆರಿಗೆಯನ್ನು ರದ್ದುಪಡಿಸಿತು. ಫ್ರಾನ್ಸ್ 2018ರಲ್ಲಿ ಅದನ್ನು ಸ್ಥಿರಾಸ್ತಿಗೆ ಸೀಮಿತಗೊಳಿಸಿತು.

ಮಾಹಿತಿ ಮತ್ತು ವಸೂಲಿ

1970ರ ದಶಕಕ್ಕೂ ಇಂದಿಗೂ ಇರುವ ದೊಡ್ಡ ವ್ಯತ್ಯಾಸ ಮಾಹಿತಿಯದು. ಬ್ಯಾಂಕು, ಮ್ಯೂಚುವಲ್ ಫಂಡ್, ಉಪನೋಂದಣಾಧಿಕಾರಿ ಮುಂತಾದವರು ಸಲ್ಲಿಸುವ ವ್ಯವಹಾರ ವಿವರಗಳು ತೆರಿಗೆದಾರರ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ 2021ರಿಂದ ಕಾಣಿಸಿಕೊಳ್ಳುತ್ತಿವೆ. ವಿದೇಶೀ ಖಾತೆಗಳ ಮಾಹಿತಿ ವಿನಿಮಯ 2017ರಲ್ಲಿ ಆರಂಭವಾಯಿತು. ತೆರಿಗೆ ತಪ್ಪಿಸುವುದಕ್ಕೆಂದೇ ರೂಪಿಸಿದ ಏರ್ಪಾಡುಗಳನ್ನು ತಿರಸ್ಕರಿಸುವ ಸಾಮಾನ್ಯ ನಿಯಮಗಳು ಅದೇ ವರ್ಷದ ಏಪ್ರಿಲ್‌ನಿಂದ ಜಾರಿಯಲ್ಲಿವೆ. ಮೂರನೆಯ ವ್ಯಕ್ತಿಯಿಂದ ಮಾಹಿತಿ ಬರುವ ವರಮಾನವನ್ನು ಬಚ್ಚಿಡುವುದು ಕಷ್ಟ. ಸಂಬಳದವರಿಂದ ತೆರಿಗೆ ತಪ್ಪದೆ ಬರುವುದು ಅವರು ಇತರರಿಗಿಂತ ಪ್ರಾಮಾಣಿಕರು ಎಂಬ ಕಾರಣದಿಂದ ಮಾತ್ರವಲ್ಲ.

ಸೂಚನೆ

ಮೇಲಿನ ಲೆಕ್ಕಗಳು 2025–26ನೇ ಆರ್ಥಿಕ ವರ್ಷದ ಹೊಸ ಪದ್ಧತಿಯ ದರಗಳನ್ನು ಆಧರಿಸಿದ್ದು, 60 ವರ್ಷದೊಳಗಿನ ನಿವಾಸಿ ವ್ಯಕ್ತಿಗಳಿಗೆ ಸಂಬಂಧಿಸಿರುತ್ತವೆ. ಪ್ರಕರಣ ಸಂಖ್ಯೆಗಳು 1961ರ ಅಧಿನಿಯಮದವು. ಅದರ ಸ್ಥಾನದಲ್ಲಿ ಬರುವ 2025ರ ಆದಾಯ ತೆರಿಗೆ ಅಧಿನಿಯಮದ ಜಾರಿ ದಿನಾಂಕ 2026ರ ಏಪ್ರಿಲ್ 1 ಆಗಿದ್ದು, ಅದರಲ್ಲಿ ಪ್ರಕರಣಗಳ ಸಂಖ್ಯೆ ಬೇರೆಯಾಗಿರುತ್ತದೆ. ವರಮಾನವು 50 ಲಕ್ಷ, ಒಂದು ಕೋಟಿ ಅಥವಾ ಎರಡು ಕೋಟಿ ರೂ. ಗಡಿಯ ಆಸುಪಾಸಿನಲ್ಲಿರುವವರು ವಿವರಣ ಪಟ್ಟಿ ಸಲ್ಲಿಸುವ ಮುನ್ನ ಅಂಚಿನ ಪರಿಹಾರದ ಅಂಕಣವನ್ನು ಪರಿಶೀಲಿಸಿಕೊಳ್ಳತಕ್ಕದ್ದು. ಲೇಖನಕ್ಕೂ ಕಾನೂನಿನ ಪಠ್ಯಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಕಾನೂನಿನ ಪಠ್ಯವೇ ಅಂತಿಮವಾಗಿರುತ್ತದೆ.